ತಲೆಬರಹದ ಜಾಗದಲ್ಲಿ ಶ್ರೀ

ಚಳಿ ಶುರುವಾಯಿತೆಂದು ಹೆಂಡತಿ ಇವತ್ತು ಬೆಳಿಗ್ಗೆ ಕೌದಿಯನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದಳು. ಹಳೇ ಸೀರೆ, ನುಸಿಗುಳಿಗೆ, ಬಿಸಿಲು ಮೂರೂ ಕೂಡಿದ ಒಂದು ವಾಸನೆ ಇದೆಯಲ್ಲ, ಅದು ಮೂಗಿಗೆ ಬಡಿದರೆ ನಿಮಗೆ ಅಜ್ಜಿ ನೆನಪಾಗಬಹುದು. ನನಗೆ ನೆನಪಾಗುವುದು ನಾನು ಮಾಡಿದ ಒಂದು ವೆಬ್‌ಸೈಟು. ನಗಬೇಡಿ, ಎರಡಕ್ಕೂ ಏನು ಸಂಬಂಧವೆಂದು ಹೇಳುತ್ತೇನೆ.

ಸರಸ್ವತಿ ನಗರದಲ್ಲಿ ನಾವು ಮನೆ ಮಾಡಿದ ಹೊಸತು. ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ಪಾಠ ಹೇಳುವವರಿಗೆ ಒಂದು ರೋಗವಿರುತ್ತದೆ, ತಮ್ಮಿಂದ ಊರಿಗೆ ಏನಾದರೂ ಉಪಕಾರ ಆಗಲೇಬೇಕು ಅನ್ನುವುದು. ನಮ್ಮ ಓಣಿಯ ಸುದ್ದಿಯೆಲ್ಲ ಆಗ ಹಿಟ್ಟಿನ ಗಿರಣಿಯ ಗೋಡೆಗೆ ಅಂಟಿಸಿದ ಚೀಟಿಗಳಲ್ಲಿ ಇರುತ್ತಿತ್ತು. ನಲ್ಲಿ ನೀರು ಯಾವಾಗ, ಯಾವ ಮನೆ ಬಾಡಿಗೆಗಿದೆ, ಯಾರ ಎಮ್ಮೆ ತಪ್ಪಿಸಿಕೊಂಡಿದೆ. ಇದನ್ನೆಲ್ಲ ಓಣಿಯವರೇ ಫೋನಿನಲ್ಲಿ ಬರೆದು ಹಾಕುವಂಥ ವೆಬ್‌ಸೈಟು ಮಾಡಲು ಕುಳಿತೆ.

ಬರೆಯುವ ಪುಟವಂತೂ ನನ್ನ ಹೆಮ್ಮೆ. ಅಕ್ಷರ ದಪ್ಪ ಮಾಡಲು ಒಂದು ಗುಂಡಿ, ಓರೆ ಮಾಡಲು ಒಂದು, ಬಣ್ಣ ಬಳಿಯಲು ಒಂದು, ಅಡಿಗೆರೆ ಎಳೆಯಲು ಒಂದು, ಹೀಗೆ ಎರಡು ಸಾಲು ತುಂಬ ಗುಂಡಿ. ಹೆಂಡತಿ ಬಗ್ಗಿ ನೋಡಿ, "ಏನ್ರಿ ಇದು, ಹಾರ್ಮೋನಿಯಂ ಮಾಡೀರಾ?" ಅಂದಳು. ಮುನಿಸಿಕೊಂಡೇ ಒಂದೊಂದಾಗಿ ಕಿತ್ತೆ. ಮೇಲೆ ತಲೆಬರಹಕ್ಕೊಂದು ಸಣ್ಣ ಖಾನೆ, ಕೆಳಗೆ ವಿಷಯಕ್ಕೊಂದು ದೊಡ್ಡ ಖಾನೆ, 'ಹಾಕು' ಎಂಬ ಗುಂಡಿ, ಇಷ್ಟು ಉಳಿಯಿತು. ದಪ್ಪ ಅಕ್ಷರದ ಗುಂಡಿಯೊಂದನ್ನು ಮಾತ್ರ ಕೀಳಲು ಮನಸ್ಸು ಬರಲಿಲ್ಲ. ಬಹಳ ಕಾಲ ಅದನ್ನು ಯಾರೂ ಒತ್ತಲೂ ಇಲ್ಲ. ಇರಲಿ, ಇಷ್ಟು ಸುಲಭದ್ದನ್ನು ಇನ್ಯಾರು ಮಾಡಿಯಾರು ಎಂದು ಒಳಗೊಳಗೇ ಮೀಸೆ ತಿರುವಿದೆ.

ಎದುರು ಮನೆಯ ಶಾಂತಮ್ಮನವರ ತವರು ಲೋಕಿಕೆರೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವರು. ಓದಲು ಬರುತ್ತಿತ್ತು, ಬರೆಯಲು ಮಾತ್ರ ಕೈ ಹಿಂಜರಿಯುತ್ತಿತ್ತು. ಅವರ ಯಜಮಾನರದು ಮಂಡಿಪೇಟೆಯಲ್ಲಿ ಅಂಗಡಿ, ಅಕ್ಷರ ಮುತ್ತಿನಂಥದ್ದು. ತವರಿಗೆ ಪತ್ರವೆಂದರೆ ಇವರು ಹೇಳುವುದು, ಅವರು ಬರೆಯುವುದು, ಕೊನೆಗೆ 'ಹೇಳಿ ಬರೆಸಿದ್ದು ಶಾಂತಮ್ಮ' ಎಂದು ಒಂದು ಸಾಲು.

"ನಾ ಹೇಳೋದೊಂದು, ಅವ್ರು ಬರೆಯೋದೊಂದು ತಮ್ಮಾ" ಎಂದು ಒಮ್ಮೆ ನಗುತ್ತಾ ಹೇಳಿದ್ದರು. "ನಂಗೆ ಅಣ್ಣನ ಮ್ಯಾಲೆ ಸಿಟ್ಟು ಬಂದೈತೆ ಅಂತ ಬರೀರಿ ಅಂದ್ರೆ, ಎಲ್ಲರೂ ಕ್ಷೇಮ ಅಂತ ಬರ್ದು ಮಡಚಿಬಿಡೋರು."

ಕೌದಿ ಹೊಲಿಯುವುದರಲ್ಲಿ ಮಾತ್ರ ಅವರನ್ನು ಮೀರಿಸುವವರಿರಲಿಲ್ಲ. ಅದನ್ನು ಓಣಿಯ ಹೆಂಗಸರಿಗೆ ಕಲಿಸಬೇಕು, ಕರೆಯುವ ಬರಹವನ್ನು ತಾವೇ ಬರೆಯಬೇಕು ಎಂದು ಅವರಿಗೆ ಆಸೆಯಾಯಿತು. ನಾನು ಬರೆದುಕೊಡಲಾ ಎಂದರೆ, "ಬ್ಯಾಡ, ಇದೊಂದಾರ ನಂದು ಅಂತ ಇರ್ಲಿ" ಅಂದರು. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾ ಎರಡು ದಿನ ಕುಳಿತು ಬರೆದರು. 'ಭಾನುವಾರ ನಮ್ಮ ಪಡಸಾಲೆಯಲ್ಲಿ ಕೌದಿ ಹೊಲಿಯೋಣ, ಹಳೇ ಸೀರೆ ತರ್ರಿ.' ಪತ್ರವೆಂದರೆ ಹಾಗೇ ಮುಗಿಯಬೇಕೆಂದುಕೊಂಡಿದ್ದರೋ ಏನೋ, ಕೆಳಗೆ 'ಹೇಳಿ ಬರೆಸಿದ್ದು ಶಾಂತಮ್ಮ' ಎಂದೂ ಹಾಕಿದ್ದರು. ನಾನು ತಿದ್ದಲಿಲ್ಲ.

ಆ ಭಾನುವಾರ ನಾವಿಬ್ಬರೂ ಹರಿಹರಕ್ಕೆ ನೆಂಟರ ಮದುವೆಗೆ ಹೋಗಿದ್ದೆವು. ಸಂಜೆ ಬಂದರೆ ಶಾಂತಮ್ಮ ಕಟ್ಟೆಯ ಮೇಲೆ ಒಬ್ಬರೇ ಕುಳಿತಿದ್ದಾರೆ. ಒಳಗೆ ಚಾಪೆ ಹಾಸಿತ್ತು, ಹತ್ತು ಹನ್ನೆರಡು ಸೂಜಿಗೆ ದಾರ ಪೋಣಿಸಿಟ್ಟಿತ್ತು, ಒಗ್ಗರಣೆ ಮಂಡಕ್ಕಿ ಮೆತ್ತಗಾಗಿ ಹೋಗಿತ್ತು. ಬರಹವೇ ಕರೆಯಲಿ ಎಂದು ಅವರು ಬಾಯಿಮಾತಿನಲ್ಲಿ ಯಾರಿಗೂ ಹೇಳಿರಲಿಲ್ಲ.

"ಯಾರೂ ಬರ್ಲಿಲ್ಲ ತಮ್ಮಾ. ನನ್ನ ಅಕ್ಷರ ನೆಟ್ಟಗಿಲ್ಲ ಅಂತ ಕಾಣ್ತೈತೆ, ಯಾರಿಗೂ ಓದಾಕ ಬಂದಿಲ್ಲ. ಇನ್ಮ್ಯಾಲೆ ನೀನೇ ಬರಿಯಪ್ಪ, ನಾ ಹೇಳ್ತೀನಿ."

ಫೋನಿನಲ್ಲಿ ಎಲ್ಲರ ಅಕ್ಷರವೂ ಒಂದೇ, ಅದು ನೆಟ್ಟಗಿಲ್ಲದಿರಲು ಸಾಧ್ಯವೇ ಇಲ್ಲ ಎಂದು ನನಗೆ ಗೊತ್ತಿತ್ತು.

ಮನೆಗೆ ಬಂದು ವೆಬ್‌ಸೈಟು ತೆರೆದೆ. ಮೊದಲ ಪುಟದಲ್ಲಿ ಬರೀ ತಲೆಬರಹಗಳ ಪಟ್ಟಿ ಬರುವಂತೆ ಮಾಡಿದ್ದೆ. ಪಟ್ಟಿ ಹೀಗಿತ್ತು: ಶ್ರೀ. ಶ್ರೀ. ಓಂ ನಮಃ ಶಿವಾಯ. ಶ್ರೀ. 786. ಶ್ರೀ. ಶ್ರೀ. ನಾನು ದಿನಾ ಎಲ್ಲವನ್ನೂ ತೆರೆದು ಓದುತ್ತಿದ್ದವನಾದ್ದರಿಂದ ಇದು ಕಣ್ಣಿಗೇ ಬಿದ್ದಿರಲಿಲ್ಲ. ಎಮ್ಮೆಯ ಶ್ರೀಗೂ ಬಾಡಿಗೆ ಮನೆಯ ಶ್ರೀಗೂ ನಡುವೆ ಶಾಂತಮ್ಮನವರ ಶ್ರೀ ಸಿಕ್ಕಿಕೊಂಡಿತ್ತು, ಯಾವುದರೊಳಗೆ ಏನಿದೆ ಎಂದು ಯಾರಿಗೂ ತಿಳಿಯುವಂತಿರಲಿಲ್ಲ.

"ತಲೆಬರಹ ಅಂದ್ರೆ ಏನು ಅಂತ ಈ ಜನಕ್ಕೆ ಗೊತ್ತಿಲ್ವಾ?" ಎಂದು ರೇಗಿದೆ.

"ಯಾಕ ಗೊತ್ತಿಲ್ಲ? ಇವತ್ತು ಉಂಡು ಬಂದ ಮದುವಿ ಕಾರ್ಡಿನ ತಲೆ ಮ್ಯಾಲೆ ಏನಿತ್ತು? ಪರೀಕ್ಷೆ ಪೇಪರಿನ ಮ್ಯಾಲೆ ನೀವು ಮೊದ್ಲು ಏನ್ ಬರೀತಿದ್ರಿ?" ಅಂದಳು ಹೆಂಡತಿ.

ಇಂಜಿನಿಯರಿಂಗಿನ ಕೊನೇ ಪರೀಕ್ಷೆಯವರೆಗೂ ಉತ್ತರಪತ್ರಿಕೆಯ ಮೂಲೆಯಲ್ಲಿ, ಮೇಷ್ಟ್ರಿಗೆ ಕಾಣದಷ್ಟು ಸಣ್ಣದಾಗಿ, ನಾನೂ ಶ್ರೀ ಬರೆದವನೇ. ಹಾಳೆಯ ತುದಿ ದೇವರದು, ವಿಷಯ ಶುರುವಾಗುವುದು ಅದರ ಕೆಳಗೆ. ಇಡೀ ಓಣಿಗೆ ಗೊತ್ತಿದ್ದದ್ದನ್ನು ನಾನು ಪುಸ್ತಕ ಓದಿ ಮರೆತಿದ್ದೆ.

ಆ ವಾರವೇ ತಲೆಬರಹದ ಖಾನೆ ತೆಗೆದುಹಾಕಿದೆ. ಹಾಳೆಯ ತುದಿಯಲ್ಲಿ ಒಂದಿಷ್ಟು ಜಾಗ ಬಿಟ್ಟೆ, ಅಲ್ಲಿ ಅವರವರ ದೇವರು, ಬೇಡವಾದವರಿಗೆ ಖಾಲಿ. ಅದರ ಕೆಳಗಿನ ಮೊದಲ ಸಾಲು ಪಟ್ಟಿಯಲ್ಲಿ ಕಾಣುವ ಹಾಗೆ ಮಾಡಿದೆ. ಮಾಡಿದ್ದು ಇಷ್ಟೇ. ಆದರೆ ಶಾಂತಮ್ಮನವರನ್ನು ಮತ್ತೆ ಬರೆಯಲು ಒಪ್ಪಿಸುವುದು ಅದಕ್ಕಿಂತ ಕಷ್ಟವಾಯಿತು.

"ತಪ್ಪು ನಿಮ್ಮ ಅಕ್ಷರದ್ದಲ್ಲಮ್ಮ, ನಂದು. ನಾನು ಶ್ರೀಗೆ ಜಾಗಾನೇ ಇಟ್ಟಿರ್ಲಿಲ್ಲ" ಅಂದೆ.

"ಅಯ್ಯ, ಇಷ್ಟು ಓದಿ ಅಷ್ಟೂ ಗೊತ್ತಾಗ್ಲಿಲ್ಲೇನೋ ತಮ್ಮಾ?" ಎಂದು ಶಾಂತಮ್ಮ ಫೋನು ಕೈಗೆ ತೆಗೆದುಕೊಂಡರು. ಮುಂದಿನ ಭಾನುವಾರ ನಾಲ್ಕು ಜನ ಬಂದರು. ಮೊದಲು ಬಂದವರು 786 ಬರೆದಿದ್ದ ಬೈಕ್ ಮೆಕ್ಯಾನಿಕ್‌ನ ತಾಯಿ, ಬಗಲಲ್ಲಿ ಮೂರು ಹಳೇ ಸೀರೆ ಇಟ್ಟುಕೊಂಡು. ಎರಡು ತಿಂಗಳಲ್ಲಿ ಪಡಸಾಲೆ ಸಾಲದಾಯಿತು. ಇವತ್ತು ಬಿಸಿಲಿಗೆ ಬಿದ್ದಿರುವ ಕೌದಿ ಅಲ್ಲಿ ಹೊಲಿದದ್ದು, ನಡುವಿನ ಹಸಿರು ತುಂಡು ನನ್ನ ಹೆಂಡತಿಯ ಮದುವೆ ಸೀರೆಯದು.

ಶಾಂತಮ್ಮ ಹರಿಹರಕ್ಕೆ ಮಗಳ ಬಾಣಂತನಕ್ಕೆ ಹೋಗಿ ತಿಂಗಳಾಯಿತು. ಮಧ್ಯಾಹ್ನ ಕೌದಿ ಮಗುಚಿ ಹಾಕಲು ಮಾಳಿಗೆಗೆ ಹೋದವನು, ಆ ವಾಸನೆಯಲ್ಲೇ ಕುಳಿತು ಫೋನು ತೆರೆದೆ. ಪಟ್ಟಿಯ ಮೊದಲಲ್ಲಿ ಅವರದೇ ಬರಹ.

'ಶ್ರೀ. ಸರಸ್ವತಿ ನಗರದವರಿಗೆ ಹರಿಹರದಿಂದ. ಕೂಸು ಚೆನ್ನಾಗೈತೆ. ನಾ ಬರೋತನಕ ಕೌದಿ ನಿಲ್ಲಿಸಬ್ಯಾಡ್ರಿ. ನಮ್ಮನೆಯವ್ರು ಪಡಸಾಲೆ ಬಾಗ್ಲು ತೆಗೆಯಾಕಿಲ್ಲ ಅಂದ್ರಂತೆ, ನಂಗೆ ಅವ್ರ ಮ್ಯಾಲೆ ಸಿಟ್ಟು ಬಂದೈತೆ. ಉಳಿದಂಗೆ ಎಲ್ಲರೂ ಕ್ಷೇಮ. ಬರೆದವಳು ಶಾಂತಮ್ಮ.'

ಎದುರು ಮನೆಯ ಪಡಸಾಲೆ ಬಾಗಿಲು ಆಗಲೇ ತೆರೆದಿತ್ತು. ಯಜಮಾನರು ತಾವೇ ಚಾಪೆ ಕೊಡವುತ್ತಿದ್ದರು. ನಾನು ಬರಹವನ್ನು ಇನ್ನೊಮ್ಮೆ ಓದಿದೆ. 'ಸಿಟ್ಟು ಬಂದೈತೆ' ಅನ್ನುವುದಕ್ಕೆ ಮಾತ್ರ ಶಾಂತಮ್ಮ ದಪ್ಪ ಅಕ್ಷರದ ಗುಂಡಿ ಒತ್ತಿದ್ದರು.