ಅಳಿಸಿದ ಸೆರಗು

ನಮ್ಮ ಮೊಳಕಾಲ್ಮುರಿನಲ್ಲಿ ಸೀರೆ ಕಳ್ಳರಿಗೆ ಯಾರೂ ಹೆದರುವುದಿಲ್ಲ. ಸೀರೆ ಹೋದರೆ ಇನ್ನೊಂದು ನೇಯಬಹುದು. ಹೆದರಿಕೆಯೆಲ್ಲ ಡಿಸೈನ್ ಕಳ್ಳರದ್ದು. ಈ ಬೀದಿಯ ಮಗ್ಗದ ಮೇಲೆ ಹೊಸ ಸೆರಗೊಂದು ಕಂಡರೆ, ಹಬ್ಬದ ಹೊತ್ತಿಗೆ ಆ ಬೀದಿಯಲ್ಲಿ ಅದರ ತಮ್ಮ ಹುಟ್ಟಿರುತ್ತಾನೆ. ಹೀಗಾಗಿ ಇಲ್ಲಿ ಡಿಸೈನ್ ಬರೆಯುವವರೆಲ್ಲ ಒಂದಿಷ್ಟು ಸಂಶಯದ ಜನ. ನಮ್ಮ ಪಕ್ಕದ ಮನೆಯ ಚೌಡೇಶ ಅವರಿಗೆಲ್ಲ ಗುರು. ನಾನು ಸಕ್ಕರೆ ಕೇಳಲು ಹೋದರೂ ಮೊದಲು ಕಂಪ್ಯೂಟರಿನ ಪರದೆ ಆರಿಸಿ, ಆಮೇಲೆ ಬನ್ನಿ ಅನ್ನುತ್ತಿದ್ದ.

ಅವನ ಕೆಲಸ ಹೇಳಿಬಿಡುತ್ತೇನೆ. ಸೀರೆಯ ಅಂಚು, ಸೆರಗು ಹೇಗಿರಬೇಕೆಂದು ಕಂಪ್ಯೂಟರಿನಲ್ಲಿ ಚೌಕಚೌಕವಾಗಿ ತುಂಬುತ್ತಾನೆ. ಅದರಂತೆ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು ಮಗ್ಗದ ಮೇಲೆ ನೇತುಹಾಕುತ್ತಾರೆ. ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಎಂದು ಆ ತೂತುಗಳೇ ಹೇಳುತ್ತವೆ. ಮಗ ಬರೆದದ್ದನ್ನು ಅಪ್ಪ ಗೋವಿಂದಪ್ಪನವರು ನಡುಮನೆಯ ಗುಂಡಿಮಗ್ಗದಲ್ಲಿ ಕೂತು ನೇಯುತ್ತಾರೆ. ಬಣ್ಣ ಆರಿಸುವುದು, ರೇಷ್ಮೆ ಸುತ್ತುವುದು ಸೊಸೆ ಪದ್ಮಶ್ರೀಯ ಪಾಲು.

ಈ ಕಸುಬಿನಲ್ಲಿ ಎರಡು ಕಟ್ಟಳೆಗಳಿವೆ. ಡಿಸೈನಿಗೆ ಎರಡನೇ ನಕಲು ಇಡಬಾರದು. ಇಟ್ಟರೆ ಅದು ಇಂದಲ್ಲ ನಾಳೆ ಕಳ್ಳನ ಕೈ ಸೇರುತ್ತದೆ. ಮತ್ತೆ, ಯಾರಾದರೂ ಪೂರ್ತಿ ಬೆಲೆ ಕೊಟ್ಟು ಡಿಸೈನನ್ನೇ ಕೊಂಡರೆ, ಅವರ ಕಣ್ಣೆದುರೇ ಅದನ್ನು ಇಲ್ಲವಾಗಿಸಬೇಕು. ಗೋವಿಂದಪ್ಪನವರ ಕಾಲದಲ್ಲಿ ಕೊಂಡವರ ಎದುರಿಗೆ ನಕ್ಷೆಯ ಹಾಳೆಯನ್ನು ಒಲೆಗೆ ಹಾಕುತ್ತಿದ್ದರು. ಈಗ ಕಂಪ್ಯೂಟರಿನಲ್ಲಿ ಅಳಿಸುತ್ತಾರೆ. ಕೊಂಡವರು ಪಕ್ಕದಲ್ಲಿ ಕೂತು ನೋಡಿ, ಟೀ ಕುಡಿದು ಹೋಗುತ್ತಾರೆ. ಲೋಕದಲ್ಲಿ ಆ ಸೀರೆ ಒಂದೇ ಎಂಬ ನೆಮ್ಮದಿಗೆ ಅವರು ದುಡ್ಡು ಕೊಡುವುದು.

ಇಂಥ ಚೌಡೇಶನ ಹತ್ತಿರ ಬಿಟ್‌ಕಾಯಿನ್ ಇತ್ತು. ಧರ್ಮಾವರದಲ್ಲಿ ಡಿಸೈನ್ ಕಲಿಯುತ್ತಿದ್ದಾಗ ರೂಮಿನ ಗೆಳೆಯನೊಬ್ಬ ಹುಚ್ಚು ಹಿಡಿಸಿ ಕೊಡಿಸಿದ್ದು. ಆಗ ಅದಕ್ಕೆ ಬೆಲೆಯೇ ಇರಲಿಲ್ಲ, ಇವನೂ ಮರೆತಿದ್ದ. ಆಮೇಲೆ ಅದು ಏರಿದ ಏರಿಕೆ ನೋಡಿ ಇವನಿಗೆ ಸಂತೋಷಕ್ಕಿಂತ ದಿಗಿಲೇ ಹೆಚ್ಚಾಯಿತಂತೆ. ಕಾಸು ಕೈಯಲ್ಲಿರುವುದಿಲ್ಲ, ಎಲ್ಲೋ ಗಾಳಿಯಲ್ಲಿರುತ್ತದೆ. ಅದರ ಬೀಗದ ಕೈ ಮಾತ್ರ ಒಂದು ಸಣ್ಣ ಫೈಲಿನಲ್ಲಿ. ವ್ಯಾಲೆಟ್ ಫೈಲು ಅನ್ನುತ್ತಾರೆ. ಆ ಫೈಲು ಹೋದರೆ ಕಾಸು ಇದ್ದಲ್ಲೇ ಇದ್ದು, ಯಾರಿಗೂ ಸಿಗದಂತಾಗುತ್ತದೆ. ಬ್ಯಾಂಕಿಗೆ ಹೋಗಿ ಅರ್ಜಿ ಕೊಡುತ್ತೇನೆ ಎಂದರೆ ಅಲ್ಲಿ ಬ್ಯಾಂಕೂ ಇಲ್ಲ, ಮ್ಯಾನೇಜರೂ ಇಲ್ಲ.

ಬುದ್ಧಿ ಇದ್ದವರು ಇಂಥ ಫೈಲನ್ನು ನಾಲ್ಕು ಕಡೆ ಇಡುತ್ತಾರೆ. ನಮ್ಮ ಚೌಡೇಶನ ರಕ್ತದಲ್ಲೇ ಎರಡನೇ ನಕಲು ಬೇಡ ಎಂದಿದೆಯಲ್ಲ! ಒಂದೇ ಇಟ್ಟ. ಅದಕ್ಕೂ ಡಿಸೈನಿನ ಹೆಸರು ತೊಡಿಸಿ, ಆಗ ಯಾವ ಸೀರೆ ಬರೆಯುತ್ತಿರುತ್ತಾನೋ ಆ ಸೀರೆಯ ಫೋಲ್ಡರಿನಲ್ಲೇ ಬಚ್ಚಿಟ್ಟ. ಕೆಲಸ ನಡೆಯುತ್ತಿರುವ ಫೋಲ್ಡರನ್ನು ಅವನಲ್ಲದೆ ಇನ್ನೊಬ್ಬರು ಮುಟ್ಟುವುದಿಲ್ಲ. ಆ ಸೀರೆ ಮುಗಿದರೆ ಫೈಲನ್ನು ಮುಂದಿನದಕ್ಕೆ ಸಾಗಿಸುವುದು. ಹೆಂಗಸರು ಸೀರೆ ಬದಲಿಸುವಾಗ ಸೊಂಟದ ಗಂಟನ್ನೂ ಬದಲಿಸಿಕೊಂಡ ಹಾಗೆ. ಅತಿ ಜಾಣತನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ.

ಈ ವರ್ಷ ಆ ಕಾಸು ಬೇಕೇ ಬೇಕಾಯಿತು. ಅವರಿರುವುದು ಬಾಡಿಗೆ ಮನೆ. ಮಾಲೀಕ ಕಾಮಣ್ಣ ಮನೆ ಮಾರುತ್ತೇನೆ, ಯುಗಾದಿಯೊಳಗೆ ನೀವೇ ಕೊಳ್ಳಿ, ಇಲ್ಲ ಖಾಲಿ ಮಾಡಿ ಎಂದ. ಬೇರೆಯವರಾದರೆ ಗಂಟುಮೂಟೆ ಕಟ್ಟುತ್ತಿದ್ದರು. ಆದರೆ ಗುಂಡಿಮಗ್ಗವಿರುವ ಮನೆ ಬಿಡುವುದು ಸುಲಭವಲ್ಲ. ಈಗ ಎಲ್ಲ ಮನೆಗೂ ಟೈಲ್ಸ್. ನಡುಮನೆಯಲ್ಲಿ ಗುಂಡಿ ತೋಡುತ್ತೇನೆಂದರೆ ಯಾರು ಬಾಡಿಗೆಗೆ ಕೊಡುತ್ತಾರೆ? ಗೋವಿಂದಪ್ಪನವರಿಗೆ ಕಾಲು ಇಳಿಬಿಟ್ಟು ಕೂತರೆ ಮಾತ್ರ ಸೊಂಟ ನಿಲ್ಲುವುದು. ಆ ಗುಂಡಿ ಹೋದರೆ ಅವರ ನೇಯ್ಗೆಯೂ ಹೋದಂತೆ. ಚೌಡೇಶ ಕಾಸು ಮಾರಿ ಮನೆ ಕೊಳ್ಳುವುದೆಂದು ನಿಶ್ಚಯಿಸಿ ಹೆಂಡತಿಗೆ ಹೇಳಿದ. ಇನ್ನೊಂದು ಸೀರೆ ಕೈಯಲ್ಲಿದೆ, ಅದೊಂದು ಮುಗಿಯಲಿ ಎಂದ.

ಆ ಸೀರೆ ಚಳ್ಳಕೆರೆಯ ಜಯದೇವಪ್ಪನವರದು. ಸೀರೆ ವ್ಯಾಪಾರದ ದೊಡ್ಡ ಮನೆತನ. ಮಗಳು ದೀಪಿಕಾಳ ಮದುವೆಗೆಂದು ಡಿಸೈನನ್ನೇ ಪೂರ್ತಿ ಕೊಂಡಿದ್ದರು. ಸೋಮವಾರ ಬರಬೇಕಾದವರು, ಲಗ್ನಪತ್ರಿಕೆ ಕೊಡಲು ಈ ಕಡೆ ಬಂದಿದ್ದೆ ಎಂದು ಶನಿವಾರವೇ ಬಂದು ಕೂತರು. ಸೀರೆ ನೋಡಿ ಬಹಳ ಮೆಚ್ಚಿದರು. ಕಾರ್ಡುಗಳನ್ನು ಕಟ್ಟಿಸಿ ಕಾರಿಗೆ ಹಾಕಿಸಿದರು. ಆಮೇಲೆ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತರು. ಚೌಡೇಶ ಫೋಲ್ಡರ್ ತೋರಿಸಿ, ಕಸದ ಬುಟ್ಟಿಯಲ್ಲೂ ಉಳಿಯದ ಹಾಗೆ ಒಂದೇ ಏಟಿಗೆ ಅಳಿಸಿದ.

ಅಳಿಸಿ ಬೆರಳೆತ್ತುವಾಗ ನೆನಪಾಯಿತು.

ಸೋಮವಾರದೊಳಗೆ ಸಾಗಿಸಿದರಾಯಿತು ಎಂದುಕೊಂಡಿದ್ದ ವ್ಯಾಲೆಟ್ ಫೈಲೂ ಅದೇ ಫೋಲ್ಡರಿನಲ್ಲಿತ್ತು. ಪಕ್ಕದಲ್ಲಿ ಜಯದೇವಪ್ಪನವರು ಟೀ ಊದುತ್ತಿದ್ದಾರೆ. ಏನು ಹೇಳುವುದು? ಸಾವ್ಕಾರ್ರೇ, ಒಂದು ನಿಮಿಷ, ಅಳಿಸಿದ್ದನ್ನು ವಾಪಸು ತರುತ್ತೇನೆ ಎನ್ನುವುದೇ? ಹಾಗಂದರೆ ಮಾರಿದ ಡಿಸೈನನ್ನು ಕದಿಯಲು ಹೊರಟಂತೆ. ಊರಿನಲ್ಲಿ ಮತ್ತೆ ಯಾರೂ ಅವನ ಮನೆ ಮೆಟ್ಟಿಲು ತುಳಿಯುವುದಿಲ್ಲ. ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಅವರು ಮಗಳ ಮದುವೆಯ ಅಡುಗೆಯ ವಿಚಾರ ಹೇಳುತ್ತಲೇ ಇದ್ದರು, ಇವನು ಹೂಂ ಎನ್ನುತ್ತಲೇ ಇದ್ದ.

ಕಾರು ಬೀದಿ ದಾಟುವುದರೊಳಗೆ ಅವನು ಮಾಡಬಾರದ್ದನ್ನು ಮಾಡಿದ್ದ. ಅಳಿಸಿದ ಫೈಲು ಕೂಡಲೇ ನಾಶವಾಗುವುದಿಲ್ಲವಂತೆ. ಆ ಜಾಗ ಖಾಲಿ ಎಂದು ಬರೆದುಕೊಳ್ಳುತ್ತದೆ ಅಷ್ಟೇ, ಬೇರೆ ಏನಾದರೂ ಬಂದು ಅದರ ಮೇಲೆ ಕೂತಾಗಲೇ ಅದು ಸಾಯುವುದು. ಇವನು ಗಾಬರಿಯಲ್ಲಿ, ಅಳಿಸಿದ್ದನ್ನು ಹುಡುಕಿಕೊಡುವ ಸಾಫ್ಟ್‌ವೇರನ್ನು ಇಂಟರ್ನೆಟ್ಟಿನಿಂದ ಅದೇ ಡಿಸ್ಕಿನ ಮೇಲೆ ಇಳಿಸಿಕೊಂಡ. ಒಂದು ಸಿಗಲಿಲ್ಲ ಎಂದು ಇನ್ನೊಂದು. ಉಂಗುರ ಹುಡುಕುವ ಭರದಲ್ಲಿ ಕಾಲಿನಲ್ಲಿ ತುಳಿದ ಹಾಗಾಯಿತು. ಪದ್ಮಶ್ರೀ ಒಳಗೆ ಬಂದಾಗ ಅವನು ಮೂರನೆಯದನ್ನು ಇಳಿಸಿಕೊಳ್ಳಲು ಹೊರಟಿದ್ದನಂತೆ. ಅವಳು ಏನೂ ಕೇಳದೆ ಕಂಪ್ಯೂಟರಿನ ವೈರು ಕಿತ್ತಳು. ಅವತ್ತು ಆ ಮನೆಯಲ್ಲಿ ನಡೆದ ಒಂದೇ ಬುದ್ಧಿವಂತ ಕೆಲಸ ಅದು.

ಇಲ್ಲಿ ಯಾರಿಗೆ ತೋರಿಸಿದರೂ ಸುದ್ದಿಯಾಗುತ್ತದೆ. ಡಿಸ್ಕನ್ನು ಬಿಚ್ಚಿ, ಟವೆಲ್ಲಿನಲ್ಲಿ ಸುತ್ತಿ, ಗಂಡಹೆಂಡತಿ ಚಳ್ಳಕೆರೆ ಬಸ್ಸು ಹತ್ತಿದರು. ದಾರಿಯ ತಳಕು ಊರಿನಲ್ಲಿ ಗುರುತಿನವನೊಬ್ಬ ಹತ್ತಿ ಎಲ್ಲಿಗೆ ಎಂದಾಗ ಚೌಡೇಶ ಆಸ್ಪತ್ರೆಗೆ ಎಂದ. ಮುಖ ಹಾಗೇ ಇದ್ದುದರಿಂದ ಅವನು ನಂಬಿದ. ಇಡೀ ದಾರಿ ಇವನಿಗೆ ಎರಡು ಭಯ. ಫೈಲು ಸಿಗದಿದ್ದರೆ ಏನು ಗತಿ ಎಂಬುದು ಒಂದು. ಸಿಕ್ಕರೆ, ಅದರ ಜೊತೆಗೆ ಜಯದೇವಪ್ಪನವರ ಸೆರಗೂ ಎದ್ದುಬರುತ್ತದಲ್ಲ ಎಂಬುದು ಇನ್ನೊಂದು.

ಬಸ್‌ಸ್ಟ್ಯಾಂಡಿನ ಹಿಂದೆ ಮಲ್ಲಿಕ್ ಎಂಬುವನ ಕಂಪ್ಯೂಟರ್ ರಿಪೇರಿ ಅಂಗಡಿ. ಮಾತು ಕಡಿಮೆ, ಕೆಲಸ ಗೊತ್ತಿದ್ದವನು. ಡಿಸ್ಕನ್ನು ತನ್ನ ಯಂತ್ರಕ್ಕೆ ತಗುಲಿಸಿ ಹುಡುಕಲು ಬಿಟ್ಟ. ಬಹಳ ಹೊತ್ತು ಏನೂ ಇಲ್ಲ. ಪದ್ಮಶ್ರೀ ಬೆಂಚಿನ ತುದಿಯಲ್ಲಿ ಮನೆದೇವರು ಚೌಡಮ್ಮನನ್ನು ನೆನೆಯುತ್ತ ಕೂತಿದ್ದಳು. ಆಮೇಲೆ ಪರದೆಯ ಮೇಲೆ ಒಂದೊಂದಾಗಿ ಬರತೊಡಗಿದವು. ದೀಪಿಕಾಳ ಸೆರಗು ಬಂತು, ಒಂದು ಚೌಕವೂ ಕೆಡದೆ. ಅದರ ಅಂಚು ಬಂತು. ಅಷ್ಟಕ್ಕೇ ನಿಲ್ಲಲಿಲ್ಲ. ಹಿಂದಿನ ವರ್ಷ ಹಿಂದೂಪುರದವರಿಗೆ ಮಾರಿ ಅಳಿಸಿದ್ದು, ಅದಕ್ಕೂ ಹಿಂದೆ ಬಳ್ಳಾರಿಯವರಿಗೆ ಮಾರಿ ಅಳಿಸಿದ್ದು, ಇವನೇ ಮರೆತಿದ್ದ ನವಿಲು, ಹಂಸ, ಬಳ್ಳಿ, ಎಲ್ಲ ಬಂದವು. ಡಿಸ್ಕು ದೊಡ್ಡದು, ಇವನ ಫೈಲುಗಳು ಸಣ್ಣವು. ಮೇಲೆ ಕೂರಲು ಏನೂ ಬಾರದೆ ಅವು ಹಾಗೇ ಉಳಿದಿದ್ದವು. ತಾನು ಮಾತು ಕೊಟ್ಟು ಕೊಂದವೆಲ್ಲ ಎದ್ದು ಬಂದು ಸಾಲಾಗಿ ನಿಂತ ಹಾಗೆ ಕಂಡಿತು ಚೌಡೇಶನಿಗೆ. ಅಂಗಡಿಯ ಬಾಗಿಲು ಹಾಕು ಎಂದು ಮಲ್ಲಿಕನಿಗೆ ಹೇಳಿದ.

ವ್ಯಾಲೆಟ್ ಫೈಲು ಕೊನೆಗೆ ಬಂತು. ಅರ್ಧ. ಉಳಿದರ್ಧದ ಜಾಗದಲ್ಲಿ ಇವನೇ ಇಳಿಸಿಕೊಂಡ ಸಾಫ್ಟ್‌ವೇರ್ ಕೂತಿತ್ತು. ಎಷ್ಟು ಸಲ ತೆರೆದರೂ ಫೈಲು ಕೆಟ್ಟಿದೆ ಎಂದೇ ಬಂತು.

"ಡಿಸ್ಕ್ ಮಾತ್ರ ಕಳೀಬೇಡಿ ಅಣ್ಣಾ," ಎಂದ ಮಲ್ಲಿಕ್. "ಬೆಂಗ್ಳೂರಾಗೆ ಇದೇ ಕೆಲ್ಸದ ಲ್ಯಾಬ್ ಐತೆ. ಅರ್ಧದಾಗೆ ಕೀ ಉಳಿದಿದ್ರೆ ತೆಗೀತಾರೆ. ತೆಗೆದೇ ತೆಗೀತಾರೆ ಅಂತ ನಾನು ಹೇಳಲ್ಲ. ಆದ್ರೂ ಆಸೆ ಐತೆ."

ಅವನು ತನ್ನ ಯಂತ್ರದಲ್ಲಿದ್ದುದನ್ನೆಲ್ಲ ಇವರ ಎದುರಿಗೇ ಅಳಿಸಿದ. ಅಳಿಸುವುದೆಂದರೆ ಏನೆಂದು ಈಗ ತಾನೇ ನೋಡಿದವನಿಗೆ ಅದರಿಂದ ಯಾವ ಧೈರ್ಯ ಬರಬೇಕು? ಅಂಗಡಿಯಿಂದ ಹೊರಗೆ ಬಂದಾಗ ಚೌಡೇಶ ಬಸ್ಸಿನ ಕಡೆ ಹೋಗಲಿಲ್ಲ. ಸೆರಗನ್ನು ಮೂರನೆಯವನೊಬ್ಬ ನೋಡಿಬಿಟ್ಟಿದ್ದಾನೆ, ನಾಳೆ ಚಳ್ಳಕೆರೆಯಲ್ಲೇ ಅದು ಕಾಣಿಸಿದರೆ ನನ್ನ ಹೆಸರು ಬರುತ್ತದೆ, ಅದಕ್ಕಿಂತ ನಾನೇ ಹೋಗಿ ಹೇಳುತ್ತೇನೆ ಎಂದ. ಪದ್ಮಶ್ರೀ ಬೇಡವೆಂದಳು. ಅವನು ಕೇಳದೆ, ಅವಳನ್ನು ಬಸ್‌ಸ್ಟ್ಯಾಂಡಿನಲ್ಲಿ ಕೂರಿಸಿ ಹೋದ.

ಜಯದೇವಪ್ಪನವರ ಮನೆ ಮುಂದೆ ಮದುವೆಯ ಚಪ್ಪರ ಏಳುತ್ತಿತ್ತು. ಬೈದು ಹೊರಗೆ ಹಾಕುತ್ತಾರೆ, ಇಲ್ಲ ಪೊಲೀಸರನ್ನು ಕರೆಸುತ್ತಾರೆ ಎಂದುಕೊಂಡೇ ಇವನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಕಾಮಣ್ಣನ ಮನೆಯ ವಿಷಯ, ಬಿಟ್‌ಕಾಯಿನ್, ಎದ್ದುಬಂದ ಸೆರಗು, ಅದರ ಜೊತೆ ಬಂದ ಹಳೆಯವು. ಅವರು ಬೈಯಲಿಲ್ಲ. ಇವನ ತೊಡೆಯ ಮೇಲಿದ್ದ ಟವೆಲ್ ಗಂಟನ್ನು ನೋಡಿದರು. ಆಮೇಲೆ ಒಳಗಿನವರಿಗೆ ಕಾಫಿ ಹೇಳಿ, ಬಾಗಿಲು ಮುಂದಕ್ಕೆ ಮಾಡಿದರು.

"ಹಿಂದೂಪುರದೋರು ಒಯ್ದ ನವಿಲಿನ ಸೆರಗು ಐತಲ್ಲ, ಅದೂ ಬಂತಾ?"

"ಬಂತು ಸಾವ್ಕಾರ್ರೇ."

"ಬಳ್ಳಾರಿಯೋರ್ದು?"

ಚೌಡೇಶ ತಲೆಯಾಡಿಸಿದ.

"ಮನೆ ಚಿಂತೆ ಬಿಡು. ಕಾಮಣ್ಣನ ಹತ್ರ ನಾನು ಮಾತಾಡ್ತೀನಿ," ಎಂದರು ಮೆಲ್ಲಗೆ. "ಆ ಡಿಸ್ಕು ನನ್ ಕೈಗೆ ಕೊಡು. ಇದು ನಿನಗೂ ನನಗೂ ಬಿಟ್ಟು ಮೂರನೇ ಕಿವಿಗೆ ಬೀಳೋದು ಬೇಡ."

ಯೋಚನೆ ಮಾಡಿ ಬರುತ್ತೇನೆ ಎಂದು ಚೌಡೇಶ ಎದ್ದನಂತೆ. ಕೊಡುವುದಿಲ್ಲ ಎನ್ನಲಿಲ್ಲ. ಹೋಗುವಾಗ ಇದ್ದ ಎರಡು ಭಯ ಬರುವಾಗ ಇರಲಿಲ್ಲ. ಅವೆರಡಕ್ಕಿಂತ ಕೆಟ್ಟದ್ದೊಂದು ಬಂದು ಕೂತಿತ್ತು.

ಮಾರನೆಯ ದಿನ ಬೆಳಿಗ್ಗೆಯಿಂದ ಜಯದೇವಪ್ಪನವರ ಫೋನು ಬರತೊಡಗಿತು. ಪ್ರತಿ ಸಲ ಇವನು ಬೆಚ್ಚಿ ಎದ್ದು ನಿಲ್ಲುತ್ತಿದ್ದ. ಮಗ್ಗ ಹೊಡೆಯುತ್ತಿದ್ದ ಗೋವಿಂದಪ್ಪನವರು ಲಾಳಿ ಕೆಳಗಿಟ್ಟು ಏನಾಯಿತೆಂದು ಕೇಳಿದರು. ಅವರಿಗೆ ಅದುವರೆಗೆ ಏನೂ ಗೊತ್ತಿರಲಿಲ್ಲ. ಚೌಡೇಶ ಅಪ್ಪನ ಮುಂದೆ ನೆಲದ ಮೇಲೆ ಕೂತು ಹೇಳಿದ. ಗೋಡೆಯಾಚೆ ನನಗೂ ಕೇಳಿಸುತ್ತಿತ್ತು. ಕೇಳಿಸದ ಹಾಗಿರುವಷ್ಟು ದೊಡ್ಡ ಗುಣ ನನ್ನಲ್ಲಿಲ್ಲ.

ಮುದುಕರು ಕಾಸಿನ ಸುದ್ದಿಯನ್ನೇ ಎತ್ತಲಿಲ್ಲ. "ಎಷ್ಟು ಮಂದೀದೈತೆ ಅದರಾಗೆ?" ಎಂದರು.

"ನಾನು ಕೆಲ್ಸ ಶುರು ಮಾಡ್ದಾಗಿಂದ ಎಲ್ಲರ್ದೂ ನಾಯನಾ." ಅಪ್ಪನನ್ನು ಹಾಗೆಂದು ಕರೆದು ಅವನು ಅಳತೊಡಗಿದ. "ಇನ್ನೊಂದ್ಸಲ ಅವ್ರು ಕೇಳಿದ್ರೆ ನಾನು ಕೊಟ್ಬಿಡ್ತೀನಿ. ಮನೆ ಉಳೀತದಲ್ಲ, ಕೊಟ್ಬಿಡ್ತೀನಿ. ನಂಗೆ ನಂದೇ ಭಯ ಆಗ್ತೈತೆ."

ಗೋವಿಂದಪ್ಪನವರು "ಪೋನೀ ರಾ," ಎಂದರು. ಮನೆ ಹೋದರೆ ಹೋಗಲಿ ಬಿಡೋ ಎಂದು. ತೆಲುಗಿನಲ್ಲಿ ಅವರು ಮಗನನ್ನು ಮಾತಾಡಿಸುವುದು ಅವನು ಚಿಕ್ಕವನಿದ್ದಾಗಿನಂತೆ ಅತ್ತಾಗ ಮಾತ್ರ.

ಪದ್ಮಶ್ರೀ ಡಿಸ್ಕನ್ನು ಹಿತ್ತಲ ಒಗೆಯುವ ಕಲ್ಲಿನ ಮೇಲಿಟ್ಟು ಸುತ್ತಿಗೆ ತಂದುಕೊಟ್ಟಳು. ಬೆಂಗಳೂರಿನ ಲ್ಯಾಬಿನ ಮಾತು ಅವಳಿಗೂ ನೆನಪಿತ್ತು, ಅವನಿಗೂ ನೆನಪಿತ್ತು. ಫೋನು ಮತ್ತೆ ಹೊಡೆದುಕೊಳ್ಳತೊಡಗಿತು. ಅದು ನಿಲ್ಲುವ ಮೊದಲೇ ಚೌಡೇಶ ಸುತ್ತಿಗೆ ಎತ್ತಿದ. ಒಂದು ಏಟಿಗೆ ತಗ್ಗು ಬಿತ್ತು ಅಷ್ಟೇ. ಆಮೇಲೆ ಅವನು ಹೊಡೆದ ಪರಿಗೆ ನಮ್ಮ ಮನೆಯ ಮಕ್ಕಳು ಹೆದರಿ ಒಳಗೆ ಓಡಿದರು.

ಯುಗಾದಿಗೆ ಮುಂಚೆ ಮನೆ ಖಾಲಿ ಮಾಡಿದರು. ಮಗ್ಗ ಬಿಚ್ಚಿ ಗಾಡಿಗೆ ಹಾಕಿದ್ದಾಯಿತು. ಗುಂಡಿ ಮುಚ್ಚಿ ನೆಲ ಸಮ ಮಾಡಿಯೇ ಬೀಗದ ಕೈ ಕೊಡಬೇಕೆಂದು ಕಾಮಣ್ಣ ಹೇಳಿದ್ದ. ಚೌಡೇಶ ಮಣ್ಣಿನ ಪುಟ್ಟಿ ಹೊತ್ತು ನಡುಮನೆಗೆ ಬಂದರೆ, ಗೋವಿಂದಪ್ಪನವರು ಎಂದಿನ ಜಾಗದಲ್ಲಿ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದರು. ಅವನು ಪುಟ್ಟಿ ಹೊತ್ತುಕೊಂಡೇ ನಿಂತಿದ್ದ.