ಮೊದಲ ಸರದಿಯ ಮಂಜು

ಹಿರೇಕೊಡಿಗೆಯಲ್ಲಿ ಯಾರನ್ನು ಕೇಳಿದರೂ ನಮ್ಮ ವಾಲಿಬಾಲ್ ತಂಡದ ಕಥೆಯನ್ನು ಒಂದೇ ಉಸಿರಿಗೆ ಮುಗಿಸುತ್ತಾರೆ: "ಶೇಖರಣ್ಣ ಅವತ್ತು ಮಂಜುನ ಬದ್ಲು ಪ್ರಶಾಂತನ್ನ ಕರ್ದಿದ್ರೆ ಟೂರ್ನಮೆಂಟ್ ಕಪ್ಪು ನಮ್ಮೂರಲ್ಲಿರ್ತಿತ್ತು." ನಾನು ಇದನ್ನು ಒಪ್ಪುವುದಿಲ್ಲ. ಎಲ್ಲರೂ ತಲೆಯಾಡಿಸುವ ಮಾತು ಕಿವಿಗೆ ಬಿದ್ದರೆ ನನ್ನ ನಾಲಿಗೆ ತುರಿಸುತ್ತದೆ, ನಿಜ. ಕಾಲೇಜಿನ ಚರ್ಚಾಸ್ಪರ್ಧೆಗಳು ಅಂಟಿಸಿದ ಕಾಯಿಲೆ ಅದು. ಆದರೆ ಇಲ್ಲಿ ತಕರಾರಿಗೆ ಕಾರಣವೂ ಇದೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ತಂಡಗಳು ಸೇರಿ ಒಂದು ಪದ್ಧತಿ ಮಾಡಿಕೊಂಡಿದ್ದವು. ಯಾವ ತಂಡಕ್ಕೂ ಸೇರದ ಹುಡುಗರು ಕೊಪ್ಪದ ಮೈದಾನದಲ್ಲಿ ಒಂದು ಬೆಳಿಗ್ಗೆ ಆಡಿ ತೋರಿಸಬೇಕು. ತಂಡಗಳು ಚೀಟಿಯಲ್ಲಿ ಬಂದ ಸರದಿಯಂತೆ ಒಬ್ಬೊಬ್ಬರನ್ನೇ ಕರೆದುಕೊಳ್ಳಬೇಕು. ಆ ಸಲ ಮೊದಲ ಸರದಿ ನಮ್ಮದು. ನಾಯಕ ಶೇಖರಣ್ಣ ಮಂಜುನ ಹೆಸರು ಕೂಗಿದರು. ಉದ್ದಕ್ಕೆ ಬೆಳೆದು, ಕೈಕಾಲು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ ಪ್ರಶಾಂತ ಕೊನೆಗೆ ಉಳಿದ; ಅವನನ್ನು ಜಯಪುರದವರು ಕರೆದುಕೊಂಡರು. ಈಗ ಅವನು ವಿಶ್ವವಿದ್ಯಾಲಯದ ತಂಡದ ಆಟಗಾರ. ಮಂಜು ಭುಜ ನೋಯಿಸಿಕೊಂಡು, ಆಟ ಬಿಟ್ಟು, ಬಾಳೆಹೊನ್ನೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿದ್ದಾನೆ.

ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಊರಿನವರ ಒಲೆ ಈಗ ಧಗಧಗ. ಆ ಬೆಳಿಗ್ಗೆ ಪ್ರಶಾಂತನನ್ನು ನೋಡಿ, "ಇವ ನೆಟ್ ಕಟ್ಟೋ ಕಂಬಕ್ಕೆ ಆಗ್ತಾನೆ ಮಾರಾಯ" ಎಂದು ನಕ್ಕವರೇ ಇವತ್ತು "ನಾ ಅವತ್ತೇ ಹೇಳಿದ್ದೆ" ಎನ್ನುತ್ತಾರೆ. ಕಾಗೆ ಕೂತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಗಂಟು ಹಾಕಬೇಡಿ ಎಂದು ಹಿಂದಿನ ತಾರ್ಕಿಕರು ಎಚ್ಚರಿಸಿದ್ದಾರೆ. ನಮ್ಮೂರಲ್ಲಿ ಹಣ್ಣು ಬಿದ್ದ ಮೇಲೆ ಕಾಗೆಯನ್ನು ಹುಡುಕಿಕೊಂಡು ಹೋಗಿ ಕಲ್ಲು ಹೊಡೆಯುತ್ತಾರೆ.

ಜಯಪುರದಲ್ಲಿ ಎತ್ತರದವರು ಇರಲಿಲ್ಲ. ಹಾಗಾಗಿ ಪ್ರಶಾಂತನನ್ನು ಮೊದಲ ದಿನವೇ ನೆಟ್ಟಿನ ಮುಂದೆ ನಿಲ್ಲಿಸಿದರು. ತಪ್ಪಿದರೂ ಮತ್ತೆ ಅವನಿಗೇ ಚೆಂಡು ಕೊಟ್ಟರು. ನಮ್ಮಲ್ಲಿಗೆ ಬಂದಿದ್ದರೆ ಹೊರಗೆ ಕೂತು ಚಪ್ಪಾಳೆ ತಟ್ಟುತ್ತಿದ್ದ. ಇನ್ನು ಮಂಜು ಲಿಫ್ಟರ್. ಅಂದರೆ ಹೊಡೆಯುವವನಿಗೆ ಚೆಂಡನ್ನು ಹದವಾಗಿ ಎತ್ತಿಕೊಡುವವ. ಅವನ ಬೆರಳಿಂದ ಚೆಂಡು ಸದ್ದೇ ಇಲ್ಲದೆ ಏಳುತ್ತಿತ್ತು. ಶೇಖರಣ್ಣ ಕರೆದದ್ದೂ ಅದಕ್ಕೇ. ಆದರೆ ಮೊದಲ ಸರದಿಯಲ್ಲಿ ಬಂದವನು ಹೊಡೆಯದಿದ್ದರೆ ನಮ್ಮವರಿಗೆ ತೃಪ್ತಿಯಿಲ್ಲ. "ಫಸ್ಟ್ ಕರ್ದಿದ್ದು ಇನ್ನೊಬ್ರಿಗೆ ಎತ್ತಿಕೊಡಕ್ಕಾ?" ಎಂದು ಕೋರ್ಟಿನ ಸುತ್ತ ಕೂಗಾಡಿದರು. ಒಂದೆರಡು ಪಂದ್ಯ ತಡೆದುಕೊಂಡ ಶೇಖರಣ್ಣ ಕೊನೆಗೆ ಮಣಿದು ಅವನನ್ನು ಹೊಡೆಯಲು ನಿಲ್ಲಿಸಿದರು. ಮಂಜು ಭುಜ ಹೋಗುವ ತನಕ ಹೊಡೆದ.

ಆದ್ದರಿಂದ ಆಯ್ಕೆ ಸರಿ, ಆಮೇಲಿನದು ತಪ್ಪು. ಈ ವಾದವನ್ನು ಮುಂದಿಟ್ಟರೆ ಶೇಖರಣ್ಣನಿಗೆ ಸಮಾಧಾನವಾದೀತು ಅಂದುಕೊಂಡಿದ್ದೆ. ಅವರು ಪೂರ್ತಿ ಕೇಳಿಸಿಕೊಂಡರು. "ನೀನೇ ಗೆದ್ದೆ ಮಾರಾಯ. ಈಗ ಎಂತ ಮಾಡದು? ಮಂಜುನ ಭುಜ ಈಗ ಸರಿಯಾಗಿದೆ, ಲಿಫ್ಟರ್ ಆಗೇ ಆಡು ಅಂತ ಹೇಳಿ ಕಳ್ಸಿದೆ. ಬರಲ್ಲ ಅಂದ."

ಗೆದ್ದು ಇಷ್ಟು ಸಪ್ಪಗಾದದ್ದು ನನಗೆ ಅದೇ ಮೊದಲು. ಹೇಗಾದರೂ ಅವನನ್ನು ಕೋರ್ಟಿಗೆ ಕರೆತರಬೇಕೆಂದು ಕಳೆದ ವಾರ ಬಾಳೆಹೊನ್ನೂರಿಗೆ ಹೋದೆ. ಮಂಜು ಗಿರಾಕಿಗೆ ಪೈಪು ಅಳೆದು ಕೊಡುತ್ತಿದ್ದ. ತಪ್ಪು ಅವನದಲ್ಲವೆಂದು ಕಾರಣಸಮೇತ ವಿವರಿಸಿದೆ.

"ಭಾಷಣ ಮುಗೀತಾ?" ಎಂದು ನಕ್ಕ. "ಅಂಗಡೀಲಿ ಆರಾಮ ಮಾರಾಯ. ಪೈಪು ಕೊಟ್ರೆ ತಗೊಂಡು ಹೋಗ್ತಾರೆ. ಪ್ರಶಾಂತ ಆಗಿದ್ರೆ ಹೆಂಗೆ ಕೊಡ್ತಿದ್ದ ಅಂತ ಯಾರೂ ಕೇಳಲ್ಲ."

"ತಂಡಕ್ಕೆ ಬರಕ್ಕೆ ಮುಂಚೆ ದಿನಾ ಸಂಜೆ ಆಡ್ತಿದ್ಯಲ್ಲ?"

"ಆಗ ಸುಮ್ನೆ ಆಡ್ತಿದ್ದೆ," ಎಂದು ಪೈಪಿನ ತುದಿಗೆ ಗರಗಸ ಇಟ್ಟ.

ನನ್ನಲ್ಲಿ ಇನ್ನೂ ವಾದಗಳಿದ್ದವು. ಆದರೂ ಕೇಳಿದ್ದು ಇಷ್ಟೇ: "ಅವತ್ತು ನಾವು ಫಸ್ಟೇ ನಿನ್ನ ಹೆಸ್ರು ಕೂಗದೇ ಇದ್ದಿದ್ರೆ, ಈಗ್ಲೂ ಆಡ್ತಿದ್ದೆಯಾ ಮಂಜು?"