ಬಾಗಿಲ ಹಿಂದಿನ ಮಡಚುವ ಸೈಕಲ್ಲು

ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಆಗ ಗೇಟಿನ ಹೊರಗೆ ನಿಂತ ಸೈಕಲ್ಲು ನೋಡಿದರೆ ಸಾಕು, ಆ ಮನೆಗೆ ಯಾರು ಬಂದಿದ್ದಾರೆ ಎಂದು ಗೊತ್ತಾಗುತ್ತಿತ್ತು. ಕ್ಯಾರಿಯರ್ ಇಲ್ಲದ್ದು ಸಂಗೀತದ ಮೇಷ್ಟ್ರದು, ಸೀಟಿಗೆ ಹಳೆಯ ಟವೆಲ್ ಸುತ್ತಿದ್ದು ವಿಮೆ ಏಜೆಂಟರದು. ಎದುರುಮನೆಯ ನಿವೃತ್ತ ಶಿರಸ್ತೇದಾರರು ಬೆಳಗಿನಿಂದ ಸಂಜೆಯವರೆಗೆ ಜಗಲಿಯ ಮೇಲೆ ಕೂತು ಇದನ್ನೆಲ್ಲ ಗಮನಿಸುತ್ತಿದ್ದರು. ಪೇಪರು ಕೈಯಲ್ಲಿರುತ್ತಿತ್ತು, ಆದರೆ ಅವರು ಓದುತ್ತಿದ್ದದ್ದು ಬೀದಿಯನ್ನು.

ಅಂಥ ಬೀದಿಗೆ ನಾನು ಮಡಚುವ ಸೈಕಲ್ಲು ತಂದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಇಪ್ಪತ್ತಮೂರು ವರ್ಷ. ಬಸವನಗುಡಿಯ ಒಂದು ಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ವೀಣೆ ಕಲಿಯಲು ಹೊರದೇಶದಿಂದ ಬಂದು ಗಾಂಧಿ ಬಜಾರಿನ ಹತ್ತಿರ ಮಹಡಿಯ ಕೋಣೆಯಲ್ಲಿದ್ದ ಹೆಂಗಸೊಬ್ಬರಿಗೆ ಎಂಟು ತಿಂಗಳು ಕನ್ನಡ ಕಲಿಸಿದ್ದೆ. ಊರಿಗೆ ಹೊರಟಾಗ ಅವರು ತಮ್ಮ ಸೈಕಲ್ಲನ್ನು ನನ್ನ ಕೈಗೆ ಕೊಟ್ಟು, "ಇದು ನಿಮಗೆ" ಎಂದರು, ನಾನು ಕಲಿಸಿದ ಕನ್ನಡದಲ್ಲೇ.

ತಿಳಿನೀಲಿ ಬಣ್ಣ, ಚಿಕ್ಕ ಚಕ್ರಗಳು, ಕೆನೆಬಣ್ಣದ ಹಿಡಿಗಳು, ಬೆಳ್ಳಿಯ ಹಾಗೆ ಹೊಳೆಯುವ ಗಂಟೆ. ನಡುವೆ ಒಂದು ಕೀಲು. ಅದರ ಹಿಡಿ ಸಡಿಲಿಸಿದರೆ ಮುಂದಿನ ಚಕ್ರ ಬಂದು ಹಿಂದಿನ ಚಕ್ರದ ಪಕ್ಕದಲ್ಲಿ ನಿಲ್ಲುತ್ತಿತ್ತು. ಮಧ್ಯದ ಕಂಬಿ ಮೊಣಕಾಲಿಗಿಂತ ಕೆಳಗಿದ್ದುದರಿಂದ ಸೀರೆ ಉಟ್ಟುಕೊಂಡೇ ಹತ್ತಬಹುದಿತ್ತು. ಬುಲ್ ಟೆಂಪಲ್ ರಸ್ತೆಯಲ್ಲಿ ನಾನು ಹೋಗುತ್ತಿದ್ದರೆ ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬರುತ್ತಿದ್ದವು. ನನಗೆ ಅದು ಹಿಡಿಸುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅಪ್ಪನಿಗೆ ಮಾತ್ರ ಮೊದಲ ದಿನವೇ ಅನುಮಾನ. ಅವರು ಒಂದು ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್. ಕಾಗದ ಪತ್ರ ಇಲ್ಲದ ಯಾವುದನ್ನೂ ನಂಬುವವರಲ್ಲ.

"ಸುಮ್ಸುಮ್ನೆ ಇಂಥಾ ವಸ್ತು ಯಾರು ಕೊಡ್ತಾರೆ? ಅದಕ್ಕೆ ಬದಲಿಗೆ ಏನು ಕೇಳಿದ್ರು?"

"ಏನೂ ಕೇಳ್ಲಿಲ್ಲಪ್ಪ."

"ಕೇಳ್ತಾರೆ, ನೋಡ್ತಿರು."

ಒಂದು ಹಬ್ಬದ ಹಿಂದಿನ ದಿನ ಹೂವು ತರಲು ಮಾರ್ಕೆಟ್ಟಿಗೆ ಹೋದಾಗ ಪೊಲೀಸಿನವರೊಬ್ಬರು ತಡೆದರು. "ಫಾರಿನ್ ಮಾಲಾ? ರಸೀದಿ ಎಲ್ಲಮ್ಮಾ?" ನನ್ನ ಹತ್ತಿರ ಇದ್ದದ್ದು ಸೈಕಲ್ಲು ಕೊಟ್ಟ ಆ ಹೆಂಗಸು ಬರೆದುಕೊಟ್ಟಿದ್ದ ನಾಲ್ಕು ಸಾಲಿನ ಪತ್ರ. ಅದನ್ನು ಓದಿ, ಅಷ್ಟಕ್ಕೆ ಸಮಾಧಾನವಾಗದೆ, ಮಡಚಿ ತೋರಿಸು ಎಂದರು. ಮಡಚಿದೆ. ಬಿಚ್ಚು ಎಂದರು. ಬಿಚ್ಚಿದೆ. ಹೂವಿನ ಬುಟ್ಟಿ ಹೊತ್ತವರು ಸುತ್ತ ನೆರೆದರು. "ಇನ್ನೊಂದ್ಸಲ ಮಡಚು" ಎಂದಾಗ ಅವರಿಗೆ ಸಂಶಯಕ್ಕಿಂತ ಕುತೂಹಲವೇ ಜಾಸ್ತಿ ಎಂದು ತಿಳಿಯಿತು. ಬಿಟ್ಟು ಕಳಿಸುವಾಗ ಮಾತ್ರ, "ಹಿಂಗೆ ಮುಚ್ಚಿಡೋಕೆ ಆಗೋ ವಸ್ತು ಒಳ್ಳೇದಲ್ಲಮ್ಮಾ" ಎಂದರು.

ಎದುರುಮನೆಯ ಶಿರಸ್ತೇದಾರರು ಅದನ್ನೇ ಇನ್ನೂ ನಯವಾಗಿ ಕೇಳಿದರು: "ಅಲ್ಲಮ್ಮಾ, ಬೇರೆಯವರ ಸೈಕಲ್ಲು ಹೊರಗೆ ನಿಲ್ಲತ್ತೆ. ನಿಂದು ನಿನ್ಜೊತೆ ಒಳಗೇ ಬರತ್ತೆ. ಹುಡುಕ್ಬೇಕು ಅಂದ್ರೆ ಎಲ್ಲಿ ಹುಡುಕೋದು?"

"ಯಾರು ಹುಡುಕ್ತಾರೆ ನನ್ನ?" ಎಂದು ನಕ್ಕುಬಿಟ್ಟೆ. ಆ ಹೊತ್ತಿಗೆ ನನ್ನಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ.

ಅಕ್ಕನ ವಿಷಯ ಇಲ್ಲಿ ಹೇಳಬೇಕು. ಅವಳು ನನಗಿಂತ ಮೂರು ವರ್ಷ ದೊಡ್ಡವಳು. ಎರಡು ವರ್ಷದ ಹಿಂದೆ ತನ್ನ ಆಫೀಸಿನ ಸಹೋದ್ಯೋಗಿಯನ್ನು ರಿಜಿಸ್ಟರ್ ಮದುವೆಯಾಗಿದ್ದಳು. ಭಾವ ನಮ್ಮ ಜಾತಿಯವರಲ್ಲ. ಅವರ ಮನೆಯವರು ಬೌದ್ಧರು, ತಂದೆ ಮಿಲ್ಲಿನಲ್ಲಿ ದುಡಿದು ಮಕ್ಕಳನ್ನೆಲ್ಲ ಓದಿಸಿದವರು. ಸುದ್ದಿ ತಿಳಿದ ದಿನ ಅಪ್ಪ ಕೂಗಾಡಲಿಲ್ಲ. ಮಾರನೆಯ ಬೆಳಿಗ್ಗೆ ರೇಷನ್ ಕಾರ್ಡು ತೆಗೆದುಕೊಂಡು ಹೋಗಿ ಅವಳ ಹೆಸರು ಹೊಡೆದುಹಾಕಿಸಿಕೊಂಡು ಬಂದರು. ಕಾರ್ಡನ್ನು ದೇವರ ಗೂಡಿನ ಪಕ್ಕದಲ್ಲಿಟ್ಟು, "ಇನ್ಮೇಲೆ ಈ ಮನೇಲಿ ನಾವು ಮೂರು ಜನ" ಎಂದರು. ಅಮ್ಮ ಅಡುಗೆಮನೆಗೆ ಹೋದಳು. ಆಮೇಲೆ ಅಕ್ಕನ ಹೆಸರನ್ನು ಯಾರೂ ಎತ್ತಲಿಲ್ಲ. ಅವಳ ಮನೆ ಎಲ್ಲಿದೆ ಎಂಬುದೂ ನಮಗೆ ಗೊತ್ತಿರಲಿಲ್ಲ.

ಅದನ್ನು ಹೇಳಿದವಳು ನಮ್ಮ ಸ್ಕೂಲಿನ ಗಣಿತದ ಟೀಚರ್. ನನ್ನ ಓರಗೆಯವಳು, ಒಂದೇ ಡಬ್ಬಿಯಲ್ಲಿ ಊಟ ಮಾಡುವಷ್ಟು ಸ್ನೇಹ. ಅವಳ ಮನೆ ತ್ಯಾಗರಾಜನಗರದಲ್ಲಿತ್ತು. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇಲ್ಲದಾಗ, "ನಿಮ್ಮಕ್ಕ ನಮ್ಮ ಹಿಂದಿನ್ ರಸ್ತೇಲೇ ಇದಾಳೆ ಕಣೇ. ಏಳು ತಿಂಗಳು ಅಂತೆ. ಬಾವಿಕಟ್ಟೆ ಇರೋ ಮನೆ" ಎಂದಳು.

ಆ ಶುಕ್ರವಾರ ಸ್ಕೂಲು ಬಿಟ್ಟಮೇಲೆ ಹೋದೆ. ಅಕ್ಕ ಬಾಗಿಲನ್ನು ಒಂದು ಗೇಣಷ್ಟೇ ತೆರೆದಳು. ನನ್ನನ್ನು ನೋಡಿ ಕಣ್ಣು ತುಂಬಿತು, ಆದರೆ ಬಾಗಿಲು ಅಷ್ಟಕ್ಕೇ ನಿಂತಿತು. ನನ್ನ ಹಿಂದಿನ ರಸ್ತೆಯನ್ನು ಎರಡೂ ಕಡೆ ನೋಡಿದಳು.

"ಯಾರು ಕಳಿಸಿದ್ದು ನಿನ್ನ?"

"ಯಾರೂ ಕಳಿಸ್ಲಿಲ್ಲ. ನಾನೇ ಬಂದೆ."

"ಅಪ್ಪ ಏನಾದ್ರೂ ನೋಡ್ಕೊಂಡ್ ಬಾ ಅಂದ್ರಾ?"

ನನ್ನ ಸ್ವಂತ ಅಕ್ಕ ನನ್ನನ್ನು ಗೂಢಚಾರಿಣಿ ಎಂದುಕೊಂಡಿದ್ದಳು. ಆ ಬಾಗಿಲಲ್ಲಿ ನಿಂತು ಅತ್ತುಬಿಟ್ಟೆ. ಆಗ ಅವಳು ಕೈಹಿಡಿದು ಒಳಗೆಳೆದುಕೊಂಡಳು. ಮರುಕ್ಷಣವೇ ಇಬ್ಬರಿಗೂ ಹೊಳೆದದ್ದು ಸೈಕಲ್ಲು. ಎರಡು ಮನೆ ಆಚೆ ಅಪ್ಪನ ಕಚೇರಿಯ ಗುಮಾಸ್ತರೊಬ್ಬರು ಇದ್ದರು. ತಿಳಿನೀಲಿ ಸೈಕಲ್ಲು ಬೆಂಗಳೂರಿನಲ್ಲಿ ಎಷ್ಟಿದ್ದವೋ ಏನೋ, ಅವರು ನೋಡಿದ್ದದ್ದು ಒಂದನ್ನೇ. ಮಡಚಿ ಒಳಗೆ ತಂದು ಬಾಗಿಲ ಹಿಂದೆ ನಿಲ್ಲಿಸಿದೆ.

ಅಲ್ಲಿಂದ ಮಂಗಳವಾರ, ಶುಕ್ರವಾರ ನನಗೆ "ಸ್ಪೆಷಲ್ ಕ್ಲಾಸು" ಶುರುವಾಯಿತು. ಅಕ್ಕನಿಗೆ ಅಮ್ಮನ ಕೈಯ ಮಿಡಿ ಉಪ್ಪಿನಕಾಯಿಯ ಬಯಕೆ. ಭರಣಿಯಿಂದ ಸ್ವಲ್ಪ ಸ್ವಲ್ಪವೇ ಚಿಕ್ಕ ಬಾಟಲಿಗೆ ಹಾಕಿಕೊಂಡು ಒಯ್ಯುತ್ತಿದ್ದೆ. ಭಾವ ಕೆಲಸದಿಂದ ಬರುವ ಹೊತ್ತಿಗೆ ನಾನು ಹೊರಡುತ್ತಿದ್ದೆ. ಅವರು ಮಿತಭಾಷಿ. "ಜೋಪಾನವಾಗಿ ಹೋಗಿ" ಎನ್ನುವುದು ಬಿಟ್ಟರೆ ಮಾತು ಕಡಿಮೆ. ಅವರ ಮೇಲೂ ನನಗೆ ಪೂರ್ತಿ ನಂಬಿಕೆ ಇರಲಿಲ್ಲ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಅಕ್ಕ ಸೊರಗಿದ್ದಾಳೆಯೇ, ತೋಳಿನ ಮೇಲೆ ಏನಾದರೂ ಗುರುತು ಇದೆಯೇ ಎಂದು ಕದ್ದು ನೋಡುತ್ತಿದ್ದೆ. ಇರಲಿಲ್ಲ. ಅಡುಗೆಮನೆಯ ಸ್ಟೌವಿನ ಎತ್ತರದ ಕಟ್ಟೆ ಅವಳು ಬಗ್ಗಬಾರದೆಂದು ಅವರೇ ಇಟ್ಟಿಗೆ ಜೋಡಿಸಿ ಕಟ್ಟಿದ್ದು.

ಮುಚ್ಚಿಡುವುದು ಶುರುವಾದ ಮೇಲೆ ಎಲ್ಲರ ಕಣ್ಣೂ ನನ್ನ ಮೇಲೇ ಇರುವಂತೆ ಕಂಡಿತು. ಗಾಂಧಿ ಬಜಾರಿನ ಹೂವಿನವಳು "ಈ ಕಡೆ ದಿನಾ ಎಲ್ಲಿಗಮ್ಮಾ?" ಎಂದರೆ ಬೇರೆ ದಾರಿ ಹಿಡಿಯುತ್ತಿದ್ದೆ. ಗುಮಾಸ್ತರ ಮನೆಯ ಕಿಟಕಿಯ ಪರದೆ ಅಲುಗಾಡಿದರೆ ಮುಖ ತಿರುಗಿಸಿಕೊಳ್ಳುತ್ತಿದ್ದೆ.

ಹೀಗೆ ಆರು ವಾರ. ಆಮೇಲೆ ಅಪ್ಪ ಮಾತು ಕಡಿಮೆ ಮಾಡಿದರು. ಊಟದ ಹೊತ್ತಿನಲ್ಲಿ ನನ್ನ ಮುಖ ನೋಡದೆ ಕೇಳಿದರು:

"ಈ ಸ್ಪೆಷಲ್ ಕ್ಲಾಸು ಎಲ್ಲೀವರೆಗೆ?"

"ಪರೀಕ್ಷೆ ಮುಗಿಯೋವರ್ಗೂಪ್ಪ."

"ಯಾವ ಸಬ್ಜೆಕ್ಟು?"

"ವ್ಯಾಕರಣ."

ಮಾರನೆಯ ದಿನ ಅವರ ಕೋಟನ್ನು ಬ್ರಷ್ ಮಾಡುವಾಗ ಒಳಜೇಬಿನಲ್ಲಿ ಒಂದು ಇನ್‌ಲ್ಯಾಂಡ್ ಪತ್ರ ಸಿಕ್ಕಿತು. ಓದಬಾರದಿತ್ತು, ಓದಿದೆ. ಸೊಟ್ಟಸೊಟ್ಟ ಅಕ್ಷರ, ಸಹಿ ಇಲ್ಲ. ನಿಮ್ಮ ಕಿರಿಯ ಮಗಳು ವಾರಕ್ಕೆ ಎರಡು ಸಂಜೆ ತ್ಯಾಗರಾಜನಗರದ ಬಾವಿಕಟ್ಟೆಯ ಮನೆಗೆ ಹೋಗುತ್ತಾಳೆ, ಯಾರಿಗೂ ಕಾಣದಂತೆ ಸೈಕಲ್ಲು ಮಡಚಿ ಒಳಗಿಡುತ್ತಾಳೆ, ಬೇರೆಯವರ ಮಾತು ನಂಬಬೇಡಿ, ನೀವೇ ಹೋಗಿ ಕಣ್ಣಾರೆ ನೋಡಿ. ಇಷ್ಟೇ. ಅದು ಯಾರ ಮನೆ ಎಂದು ಬರೆದಿರಲಿಲ್ಲ. ಅಪ್ಪ ಏನೆಂದುಕೊಂಡಿರಬಹುದು ಎಂದು ಯೋಚಿಸುತ್ತ ಪತ್ರವನ್ನು ಮಡಚಿ ಅದೇ ಜೇಬಿಗೆ ಸೇರಿಸಿದೆ.

ಬರೆದವರು ಯಾರು? ಶಿರಸ್ತೇದಾರರೇ? ಅವರು ಜಗಲಿ ಬಿಟ್ಟು ಅಷ್ಟು ದೂರ ಹೋಗುವವರಲ್ಲ. ಗುಮಾಸ್ತರಾಗಿದ್ದರೆ ಕಚೇರಿಯಲ್ಲೇ ಕಿವಿಯಲ್ಲಿ ಹೇಳುತ್ತಿದ್ದರು. ಮನೆ ಗೊತ್ತಿದ್ದು, ದಿನ ಗೊತ್ತಿದ್ದು, ನಾನೇ ಹೇಳಿದ್ದರಿಂದ ಬಾಗಿಲ ಹಿಂದಿನ ಸೈಕಲ್ಲೂ ಗೊತ್ತಿದ್ದವಳು ಒಬ್ಬಳೇ. ಗಣಿತದ ಟೀಚರನ್ನು ಸ್ಕೂಲಿನ ನಲ್ಲಿಯ ಹತ್ತಿರ ತಡೆದು ಕೇಳಿದೆ.

"ನೀನು ನಮ್ಮನೇಲಿ ಯಾರಿಗಾದ್ರೂ ಹೇಳಿದ್ಯಾ?"

ಅವಳು ತಕ್ಷಣ ಉತ್ತರಿಸಲಿಲ್ಲ. ನಲ್ಲಿಯನ್ನು ನಿಲ್ಲಿಸಿ, "ನಿಮ್ಮಪ್ಪಂಗೆ ನಾನು ಏನೂ ಹೇಳಿಲ್ಲ ಕಣೇ" ಎಂದಳು.

ಆ ತಡವಾದ ಒಂದು ಗಳಿಗೆಯೇ ನನಗೆ ಸಾಕ್ಷಿಯಾಯಿತು. ಏನೇನು ಅಂದೆನೋ! ಅವಳಿಗೆ ಮದುವೆಯಾಗಿಲ್ಲದ್ದರಿಂದ ಬೇರೆಯವರ ಸಂಸಾರ ನೋಡಿ ಹೊಟ್ಟೆಕಿಚ್ಚು ಎಂದೂ ಅಂದೆ. ಅವಳು ಊಟದ ಡಬ್ಬಿಯಲ್ಲಿ ತನ್ನ ಪಾಲಿನ ಬಟ್ಟಲು ತೆಗೆದುಕೊಂಡು ಹೊರಟುಹೋದಳು.

ಆ ಮಂಗಳವಾರ ಅಕ್ಕನ ಮನೆಗೆ ಹೋಗಲಿಲ್ಲ. ಶುಕ್ರವಾರ ತಡೆಯಲಾಗಲಿಲ್ಲ, ಅವಳಿಗೆ ಒಂಬತ್ತು ತಿಂಗಳು ತುಂಬುತ್ತಿತ್ತು. ಸುತ್ತುಬಳಸಿ, ಎರಡು ಸಲ ಹಿಂದೆ ತಿರುಗಿ ನೋಡಿ ಹೋದೆ. ಹೋಗಿ ಹತ್ತು ನಿಮಿಷವಾಗಿತ್ತೋ ಏನೋ, ಬಾಗಿಲು ಬಡಿದ ಸದ್ದಾಯಿತು. ತೆರೆದೆ. ಬಾಗಿಲು ಹಿಂದಿದ್ದ ಸೈಕಲ್ಲಿಗೆ ತಗುಲಿ ಅರ್ಧಕ್ಕೇ ನಿಂತಿತು. ಆ ಸಂದಿಯಲ್ಲಿ ಕೊಡೆ ಹಿಡಿದ ಅಪ್ಪ.

ಅವರು ನನ್ನನ್ನು ನೋಡಿದರು, ಬಾಗಿಲಂಚಿನಲ್ಲಿ ಕಾಣುತ್ತಿದ್ದ ಕೆನೆಬಣ್ಣದ ಹಿಡಿಯನ್ನು ನೋಡಿದರು.

"ಯಾರದು ಈ ಮನೆ? ಅವನನ್ನ ಕರಿ."

ಅಷ್ಟರಲ್ಲಿ ಒಳಗಿನಿಂದ ಅಕ್ಕ, "ಯಾರೇ ಅದು?" ಎಂದಳು.

ಎರಡು ವರ್ಷದಿಂದ ಕೇಳದ ದನಿ. ಅಪ್ಪ ಕೊಡೆಯನ್ನು ನೆಲಕ್ಕೆ ಊರಿಬಿಟ್ಟರು. ಅಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ನಡೆದುಬಂದವಳು ಅವರನ್ನು ಕಂಡು ಗೋಡೆ ಹಿಡಿದುಕೊಂಡಳು. ಅಪ್ಪ ಅವಳ ಮುಖವನ್ನು ನೋಡಿದರು, ಹೊಟ್ಟೆಯನ್ನು ನೋಡಿದರು, ಊದಿಕೊಂಡಿದ್ದ ಪಾದಗಳನ್ನು ನೋಡಿದರು. ತಿರುಗಿ ಹೋಗಿಬಿಡುತ್ತಾರೆ ಎಂದೇ ನಾನು ಅಂದುಕೊಂಡೆ.

"ಬಾಗಿಲಿಗೆ ಅಡ್ಡ ಇದೆ ಅದು," ಎಂದರು ನನಗೆ. "ತೆಗ್ದು ಹೊರಗಡೆ ನಿಲ್ಸು."

ಸೈಕಲ್ಲನ್ನು ಎತ್ತಿ ಹೊರಗೆ ತಂದು, ಬಿಚ್ಚಿ, ಗೇಟಿನ ಪಕ್ಕದಲ್ಲಿ ನಿಲ್ಲಿಸಿದೆ. ಗುಮಾಸ್ತರ ಮನೆಯ ಪರದೆ ಸರಿಯಿತು. ಸರಿಯಲಿ ಎಂದುಕೊಂಡೆ. ಒಳಗೆ ಬಂದಾಗ ಅಪ್ಪ ಕುರ್ಚಿಯ ತುದಿಯಲ್ಲಿ ಕೂತು ಗೋಡೆಯ ಮೇಲಿನ ಬುದ್ಧನ ಪಟವನ್ನು ನೋಡುತ್ತಿದ್ದರು. ಅಕ್ಕ ಲೋಟದಲ್ಲಿ ನೀರು ಕೊಟ್ಟಳು. ತೆಗೆದುಕೊಂಡರು, ಕುಡಿಯಲಿಲ್ಲ. ಭಾವ ಬಂದವರು ತಮ್ಮದೇ ಹೊಸ್ತಿಲಲ್ಲಿ ನಿಂತುಬಿಟ್ಟರು.

"ನಮಸ್ಕಾರ ಸಾರ್. ಕೂತ್ಕೊಳ್ಳಿ."

ಅವರನ್ನು ಕಂಡು ಎದ್ದು ನಿಂತಿದ್ದ ಅಪ್ಪ ಮತ್ತೆ ಕೂರಲಿಲ್ಲ. "ಆಸ್ಪತ್ರೆ ಗೊತ್ತು ಮಾಡಿದೀರಾ?" ಎಂದು ಕೇಳಿದರು.

"ಮಾಡಿದೀನಿ ಸಾರ್. ವಾಣಿವಿಲಾಸದಲ್ಲಿ."

"ಆಟೋ ಸಿಗತ್ತಾ ಈ ಕಡೆ, ಹೊತ್ತಲ್ಲದ ಹೊತ್ನಲ್ಲಿ?"

"ಪಕ್ಕದ ಮನೆಯವ್ರೇ ಆಟೋ ಇಟ್ಟಿದಾರೆ. ಹೇಳಿಟ್ಟಿದೀನಿ."

ಅಪ್ಪ ತಲೆಯಾಡಿಸಿದರು. ತುಂಬಿದ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಟರು. ಆ ನೀರನ್ನು ನೋಡಿ ಅಕ್ಕ ಅತ್ತಳು. ಆದರೆ ಮನೆಗೆ ಬಂದ ಅಪ್ಪ ಅಮ್ಮನಿಗೆ ಹೇಳಿದ್ದು ಇಷ್ಟು: "ದೊಡ್ಡೋಳಿಗೆ ಕಾಲು ಊದಿದೆ. ನಾಳೆ ನೀನು ಹೋಗ್ಬಾ."

ಅಪ್ಪ ಆ ಮನೆಯಲ್ಲಿ ನೀರು ಕುಡಿಯಲು ಮಗು ಹುಟ್ಟಿ ಇನ್ನೂ ಮೂರು ತಿಂಗಳು ಹಿಡಿಯಿತು. ಭಾವನನ್ನು ಅಳಿಯ ಎಂದು ಕರೆಯಲು ಅದಕ್ಕಿಂತ ಹೆಚ್ಚು.

ಬಾಣಂತನಕ್ಕೆ ಅಮ್ಮ ಅಲ್ಲೇ ಇದ್ದಳು. ಒಂದು ಮಧ್ಯಾಹ್ನ ಮಗುವಿಗೆ ಎಣ್ಣೆ ಹಚ್ಚುತ್ತಿದ್ದವಳ ಹತ್ತಿರ ಆ ಪತ್ರದ ಮಾತೆತ್ತಿದೆ. ಗಣಿತದವಳನ್ನು ಬಯ್ಯಲು ಬಾಯಿ ತೆರೆದಿದ್ದೆ.

"ಅವಳನ್ನ ಯಾಕೆ ಬಯ್ತೀಯ? ಬರ್ದಿದ್ದು ನಾನು. ಎಡಗೈಲಿ," ಎಂದಳು ಅಮ್ಮ, ಮಗುವಿನ ಕಾಲು ನೀವುವುದನ್ನು ನಿಲ್ಲಿಸದೆ.

ನಾನು ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಅವಳೆದುರಿಗೆ ಕೂತೆ.

"ಭರಣೀಲಿ ಮಿಡಿ ಕಮ್ಮಿ ಆಗ್ತಿರೋದು ನಂಗೆ ಕಾಣಲ್ವಾ? ನೀನು ಹುಳಿ ಮುಟ್ಟೋಳೇ ಅಲ್ಲ. ದೇವಸ್ಥಾನದಲ್ಲಿ ಆ ಹುಡುಗಿ ಸಿಕ್ಕಿದ್ಲು, ಕೇಳ್ದೆ. ಪಾಪ, ಎಲ್ಲಾ ಹೇಳಿದ್ಲು. ಯಾರ್ಗೂ ಹೇಳ್ಬೇಡ, ನನ್ನ ಮಗಳಿಗೂ ಹೇಳ್ಬೇಡ ಅಂತ ನಾನೇ ಆಣೆ ಹಾಕ್ಸಿದ್ದೆ."

"ಅಪ್ಪ ನನ್ನ ಬಗ್ಗೆ ಏನಂದ್ಕೊಂಡಿರ್ತಾರೆ ಅಂತ ಯೋಚ್ನೆ ಮಾಡಿದ್ಯಾ?"

"ದೊಡ್ಡೋಳ ಮನೆ ಅಂತ ಬರ್ದಿದ್ರೆ ಅವರು ಹೋಗ್ತಿದ್ರಾ?"

ಅಮ್ಮ ಮಗುವನ್ನು ಮಗುಚಿ ಬೆನ್ನಿಗೆ ಎಣ್ಣೆ ಹಚ್ಚತೊಡಗಿದಳು.

ಗಣಿತದ ಟೀಚರ್ ಆ ಹೊತ್ತಿಗೆ ನಮ್ಮ ಸ್ಕೂಲು ಬಿಟ್ಟು ಮಲ್ಲೇಶ್ವರದ ಸ್ಕೂಲೊಂದಕ್ಕೆ ಸೇರಿ, ಅಲ್ಲೇ ಅಣ್ಣನ ಮನೆಯಲ್ಲಿದ್ದಳು. ಒಂದು ಭಾನುವಾರ ಬೆಳಿಗ್ಗೆ ಅಷ್ಟು ದೂರ ಆ ಚಿಕ್ಕ ಚಕ್ರಗಳನ್ನು ತುಳಿದುಕೊಂಡು ಹೋದೆ. ಶೇಷಾದ್ರಿಪುರ ದಾಟುವ ಹೊತ್ತಿಗೆ ರವಿಕೆ ಬೆವರಿನಿಂದ ಅಂಟಿಕೊಂಡಿತ್ತು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಿದ್ದೆ. ಅವಳ ಮುಂದೆ ನಿಂತಾಗ, "ತಪ್ಪಾಯ್ತು ಕಣೇ. ನೀನಲ್ಲ ಅಂತ ಗೊತ್ತಾಯ್ತು" ಎಂಬುದಷ್ಟೇ ಬಂತು.

"ನಿಮ್ಮಮ್ಮ ಹೇಳಿದ್ರಾ?"

"ಹೂಂ. ನೀನಾದ್ರೂ ಅವತ್ತೇ ಹೇಳ್ಬೋದಿತ್ತು."

"ಮಾತು ಕೊಟ್ಟಿದ್ದೆ," ಎಂದಳು. ಆಮೇಲೆ, "ನೀನು ನನ್ನ ಕೇಳಿದ್ದು ತಪ್ಪಲ್ಲ. ಕೇಳೋಕ್ ಮುಂಚೆನೇ ನಾನೇ ಅಂತ ನಂಬಿಬಿಟ್ಟಿದ್ಯಲ್ಲ, ಅದು ತಪ್ಪು" ಎಂದಳು.

ಕಾಫಿ ಕೊಟ್ಟಳು. ಅಕ್ಕನ ಮಗು ಯಾರ ಹಾಗಿದೆ ಎಂದು ಕೇಳಿದಳು, ಭಾವನ ಹಾಗೆ ಎಂದೆ. ಸ್ವಲ್ಪ ಹೊತ್ತು ಹೊಸ ಸ್ಕೂಲಿನ ಟೈಮ್ ಟೇಬಲ್ಲಿನ ಬಗ್ಗೆ ಮಾತಾಡಿದೆವು. ಹೊರಟಾಗ ಗೇಟಿನವರೆಗೂ ಬಂದಳು. ಮೊದಲಾಗಿದ್ದರೆ, ಒಂದು ಸುತ್ತು ಹೊಡೀತೀನಿ ತಾ ಎಂದು ಸೈಕಲ್ಲನ್ನು ನನ್ನ ಕೈಯಿಂದ ಕಿತ್ತುಕೊಳ್ಳುತ್ತಿದ್ದಳು. ಅವತ್ತು ಕೇಳಲಿಲ್ಲ. ನಾನು ಹತ್ತಿ ಕೂತಮೇಲೆ, "ಬಿಸಿಲು ಜಾಸ್ತಿ ಆಯ್ತು, ಸೆರಗು ಹೊದ್ಕೊ" ಎಂದಳು. ಇನ್ನೊಮ್ಮೆ ಬಾ ಎಂದು ಅವಳೂ ಅನ್ನಲಿಲ್ಲ, ಬರುತ್ತೇನೆ ಎಂದು ನಾನೂ ಅನ್ನಲಿಲ್ಲ. ಸೆರಗನ್ನು ತಲೆಯ ಮೇಲೆಳೆದುಕೊಂಡು ಸಂಪಿಗೆ ರಸ್ತೆಯ ಕಡೆಗೆ ತಿರುಗಿದೆ.